ಸೋಮವಾರಪೇಟೆ ಮಳೆಯಲ್ಲಿ ಒಂದು ಒಳಲೆ

ಮಗಳಿಗೆ ಮೊದಲ ಸಲ ವಾಂತಿಭೇದಿ ಶುರುವಾಗಿದ್ದು ಗ್ಲಾಸ್ಗೋದಲ್ಲಿ, 2025ರ ಫೆಬ್ರವರಿಯಲ್ಲಿ. ಆರು ತಿಂಗಳ ಕೂಸು. ಪಕ್ಕದ ಮನೆಯ ಹುಡುಗ ನರ್ಸರಿಯಿಂದ ಹೊತ್ತು ತಂದಿದ್ದು ಇವಳಿಗೂ ಅಂಟಿತ್ತು. ಚಳಿಗಾಲ ಬಂತೆಂದರೆ ಇಲ್ಲಿ ನೊರೊವೈರಸ್ ಮನೆಮನೆಗೂ ಕಾಲಿಡುತ್ತದೆ. 8 ಮತ್ತು 12ನೇ ವಾರದಲ್ಲಿ ಲಸಿಕೆಯ ಹನಿ ಹಾಕಿಸಿದ್ದೆವಲ್ಲ ಅಂದುಕೊಂಡೆ. ಅದು ರೋಟಾವೈರಸ್‌ಗೆ, ಇದಕ್ಕಲ್ಲ.

ರಾತ್ರಿ ಎರಡು ಗಂಟೆಗೆ ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ನರ್ಸ್‌ಗೆ ಪ್ರಶ್ನೆಗಳೇ ಮುಗಿಯಲಿಲ್ಲ. ಕೊನೆಯ ಸಲ ಉಚ್ಚೆ ಹೊಯ್ದಿದ್ದು ಯಾವಾಗ? ಅತ್ತರೆ ಕಣ್ಣೀರು ಬರುತ್ತಾ? ನೆತ್ತಿ ಗುಳಿ ಬಿದ್ದಿದೆಯಾ? ವಾಂತಿ ಹಸಿರಾಗಿದೆಯಾ, ಭೇದಿಯಲ್ಲಿ ರಕ್ತ ಇದೆಯಾ? ಕೊನೆಗೆ, ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕೊಡುತ್ತಿರಿ, ಮಂಕಾದರೆ ತಡಮಾಡದೆ ಬನ್ನಿ ಅಂದಳು. ಅಷ್ಟೇ. ಔಷಧಿ ಬರೆಯಲಿಲ್ಲ.

ಬೆಳಿಗ್ಗೆ ಅವ್ವನ ಹತ್ತಿರ ಫೋನಿನಲ್ಲಿ ಅತ್ತೆ. "ಇಲ್ಲಿ ಡಾಕ್ಟ್ರು ಮುಖಾನೂ ನೋಡಲ್ಲ ಕಣವ್ವ. ಊರಲ್ಲಿದ್ದಿದ್ರೆ ಇಷ್ಟೊತ್ತಿಗೆ ಡ್ರಿಪ್ ಹಾಕ್ಸಿರ್ತಿದ್ವಿ." ಮಗು ಮೂರು ದಿನದಲ್ಲಿ ಸರಿಹೋಯಿತು, ನನ್ನ ಸಿಟ್ಟು ಹೋಗಲಿಲ್ಲ.

ಜುಲೈಯಲ್ಲಿ ಊರಿಗೆ ಬಂದೆವು. ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಅವ್ವನ ಮನೆ. ಗ್ಲಾಸ್ಗೋದವರು ತಮ್ಮೂರಲ್ಲಿ ಮಳೆ ಜಾಸ್ತಿ ಅನ್ನುತ್ತಾರೆ, ಪಾಪ. ಕರೆಂಟು ಹೋಗಿ ಮೂರು ದಿನವಾಗಿತ್ತು, ಯುಪಿಎಸ್ ಕೂಡ ಕೈಕೊಟ್ಟಿತ್ತು. ಆಗಲೇ ಹನ್ನೊಂದು ತಿಂಗಳ ಮಗಳಿಗೆ ಎರಡನೇ ಸಲ ಶುರುವಾಯಿತು. ಬೆಳಗಿನ ಜಾವದಿಂದ ಹತ್ತು ಗಂಟೆಯೊಳಗೆ ಏಳು ಸಲ ಭೇದಿ, ನಡುವೆ ವಾಂತಿ.

"ಹಲ್ಲು ಬರ್ತಿದೆ ಕಣೆ, ಅದಕ್ಕೇ" ಅಂದ ಅವ್ವ ಜಾಯಿಕಾಯಿ ತೇಯಲು ಸಾಣೆಕಲ್ಲು ತೊಳೆದಿಟ್ಟಳು. ದೊಡ್ಡಮ್ಮ "ಮೊದ್ಲು ಹಾಲು ನಿಲ್ಸು" ಅಂದರು. ಜಾಯಿಕಾಯಿ ಹೆಚ್ಚಾದರೆ ಕೂಸು ಮಂಕಾಗುತ್ತದೆ, ಆಮೇಲೆ ಅದು ರೋಗದ ಮಂಕೋ ಕಾಯಿಯ ಮಂಕೋ ಯಾರಿಗೆ ಗೊತ್ತಾಗಬೇಕು? ಇಬ್ಬರಿಗೂ ಬೇಡ ಅಂದೆ, ಇಬ್ಬರೂ ಮುಖ ಊದಿಸಿಕೊಂಡರು. ನನ್ನ ಗಂಡ ಮಳೆಯಲ್ಲೇ ಪೇಟೆಗೆ ಹೋಗಿ ಕಿತ್ತಳೆ ಬಣ್ಣದ ಡಬ್ಬಿ ಪಾನೀಯ ತಂದರು. ಹೆಸರಿನಲ್ಲೇ ಓಆರ್‌ಎಸ್ ಇತ್ತು. ಬಾಯಿಗಿಟ್ಟು ನೋಡಿದರೆ ಪಾಯಸದಷ್ಟು ಸಿಹಿ. ಅಷ್ಟು ಸಕ್ಕರೆ ಕರುಳಿಗೆ ಇಳಿದರೆ ಅದೇ ನೀರು ಎಳೆದುಕೊಂಡು ಭೇದಿ ಹೆಚ್ಚಾಗುತ್ತದೆ. (2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಕೂಡದು ಅಂತ ಆದೇಶಿಸಿತು. ನಮಗೆ ಮೂರು ತಿಂಗಳು ತಡ.)

ಅಷ್ಟರಲ್ಲಿ ಪಕ್ಕದ ಮನೆಯ ಆಶಾ ಅಕ್ಕ, ನಮ್ಮೂರಿನ ಆರೋಗ್ಯ ಕಾರ್ಯಕರ್ತೆ, ಕೊಡೆ ಮಡಚುತ್ತಾ ಒಳಗೆ ಬಂದರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಮಳೆಗಾಲದಲ್ಲಿ ಹಂಚುವ ಓಆರ್‌ಎಸ್ ಪೊಟ್ಟಣ ಅವರ ಚೀಲದಲ್ಲಿತ್ತು. ನಾನು ಕುದಿಸಿ ಆರಿಸಿದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ, ಪೊಟ್ಟಣ ಹರಿದು ಪೂರ್ತಿ ಸುರಿಯಲು ಹೊರಟೆ. ಅಕ್ಕ ಗಬಕ್ಕನೆ ಕೈ ಹಿಡಿದರು.

"ಏನಮ್ಮಾ ಮಾಡ್ತಿದ್ದೀಯ? ಇದು ಒಂದು ಲೀಟರಿಗೆ!"

ಗ್ಲಾಸ್ಗೋದಲ್ಲಿ ನಾನು ಬಳಸಿದ್ದ ಪೊಟ್ಟಣ 200 ಮಿಲಿಲೀಟರಿನದು. ಕೈಗೆ ಅದೇ ರೂಢಿ. ಊರಲ್ಲೂ 200 ಮಿಲಿಲೀಟರಿನ ಚಿಕ್ಕ ಪೊಟ್ಟಣ ಸಿಗುತ್ತದೆ, ಆದರೆ ಇದು ದೊಡ್ಡದು. ಕೂಸಿನ ಹೊಟ್ಟೆಗೆ ಐದು ಪಟ್ಟು ಉಪ್ಪು ಹೋಗುತ್ತಿತ್ತು. ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ. ಹೊರದೇಶದಿಂದ ಮಗು ಕರೆದುಕೊಂಡು ಬರುವವರೇ, ದಯವಿಟ್ಟು ಪೊಟ್ಟಣದ ಹಿಂದೆ ಬರೆದಿದ್ದನ್ನು ಓದಿ. ಒಂದು ಲೀಟರಿನ ಬಾಟಲಿ ಅಳತೆ ಮಾಡಿ ಕಲಸಿದೆವು. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಬೇಕು ಅಂದರು ಅಕ್ಕ.

ಚಮಚದಲ್ಲಿ ಕೊಟ್ಟರೆ ಅರ್ಧ ಕತ್ತಿಗೆ ಸುರಿಯುತ್ತಿತ್ತು. ಅವ್ವ ಮಾತಾಡದೆ ಎದ್ದು ಹೋಗಿ ಬೀರುವಿನಿಂದ ಬೆಳ್ಳಿ ಒಳಲೆ ತಂದಳು. ನನಗೆ ಹಾಲು ಕುಡಿಸಿದ್ದು ಅದರಲ್ಲೇ. ಬಿಸಿನೀರಲ್ಲಿ ಕುದಿಸಿ, ಕೂಸನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು, ಒಳಲೆಯ ಮೂತಿಯನ್ನು ನಾಲಿಗೆಯ ಮೇಲಲ್ಲ, ಕೆನ್ನೆಯ ಒಳಬದಿಗೆ ತಾಗಿಸಿ ಹನಿಹನಿಯಾಗಿ ಬಿಟ್ಟಳು. ಗುಟುಕ್ ಅಂತ ಸದ್ದು ಬಂದ ಮೇಲೇ ಮುಂದಿನ ಹನಿ. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಮೊದಲಿಂದ, ಇನ್ನೂ ನಿಧಾನವಾಗಿ. ನಡುನಡುವೆ ಎದೆಹಾಲು. ದೊಡ್ಡಮ್ಮ ಒಲೆಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆಗಳನ್ನು ಒಣಗಿಸುತ್ತಾ ಕೂತರು. ತಂದಿದ್ದ ಡಯಾಪರ್ ಖಾಲಿಯಾಗಿತ್ತು.

"ಬರೀ ಉಪ್ಪು ಸಕ್ಕರೆ ನೀರಲ್ಲಿ ಆಗೋದಾ ಇದು?" ಅಂತ ನನ್ನ ಗಂಡ ಚಡಪಡಿಸುತ್ತಿದ್ದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇದನ್ನೇ ಕಲಸಿ ಕುಡಿಸಿದ್ದು. ಸಾವು 100ಕ್ಕೆ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಯಿತು. ಭೇದಿ ಆಗುವಾಗಲೂ ಕರುಳು ಗ್ಲೂಕೋಸನ್ನೂ ಸೋಡಿಯಂನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ತೀರಿಹೋದ ಮೇಲೆ.

ಕತ್ತಲಾಯಿತು. ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ ಕಾಯಬೇಡಿ, ನೇರ ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೋಗಿ ಅಂದಿದ್ದರು ಅಕ್ಕ. ಕೊನೆಯದಾಗಿ ಹೊಯ್ದಿದ್ದು ರಾತ್ರಿ ಒಂಬತ್ತೂವರೆಗೆ. ಜೀಪನ್ನು ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿದ್ದೆವು. ಆದರೆ ಹೋಗಬೇಕಾದ್ದು ಮಾದಾಪುರದ ದಾರಿ. 2018ರ ಆಗಸ್ಟಿನಲ್ಲಿ ಆ ಗುಡ್ಡಗಳು ಹೇಗೆ ಜಾರಿದವು ಅಂತ ಕಂಡವರಿಗೆ ರಾತ್ರಿಯ ಮಳೆಯಲ್ಲಿ ಅಲ್ಲಿ ಗಾಡಿ ಓಡಿಸುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.

ಮೇಣದ ಬತ್ತಿಯ ಬೆಳಕಲ್ಲಿ ಅವ್ವ ಅರ್ಧ ಗಂಟೆಗೊಮ್ಮೆ ಕೂಸಿನ ನೆತ್ತಿಯ ಮೇಲೆ ಬೆರಳಾಡಿಸುತ್ತಿದ್ದಳು. "ನೆತ್ತಿ ಕುಸಿದಿಲ್ಲ ಮಗಾ. ಬಾಯಲ್ಲಿ ಜೊಲ್ಲಿದೆ, ನೋಡು." ಫೆಬ್ರವರಿಯ ಆ ನರ್ಸ್ ಕೇಳಿದ್ದೂ ಇದನ್ನೇ ಅಲ್ಲವಾ. ಅವಳ ಮೇಲೆ ಐದು ತಿಂಗಳು ಸಿಟ್ಟಿಟ್ಟುಕೊಂಡಿದ್ದೆ.

ಬೆಳಗಿನ ಜಾವ ಮೂರು ಗಂಟೆ ದಾಟಿತ್ತು. ಅರ್ಧ ತೂಕಡಿಸುತ್ತಿದ್ದ ನನ್ನ ತೊಡೆ ಬೆಚ್ಚಗಾಯಿತು. ಸೀರೆ ಪೂರ್ತಿ ಒದ್ದೆ. "ಹೊಯ್ದಳು! ಹೊಯ್ದಳು!" ಅಂತ ಕೂಗಿದೆ, ದೊಡ್ಡಮ್ಮ ಒಲೆಯ ಮುಂದಿನಿಂದ ಗಡಬಡಿಸಿ ಎದ್ದರು. ಗಂಡ ಜೀಪಿನ ಕೀ ತೆಗೆದು ಗೋಡೆಯ ಮೊಳೆಗೆ ಹಾಕಿದರು.

ಬೆಳಿಗ್ಗೆ ಗಂಜಿ ತಿಳಿ, ಮಾರನೇ ದಿನ ರಾಗಿ ಸರಿ. ಅಕ್ಕ ಝಿಂಕ್ ಮಾತ್ರೆಯನ್ನೂ ಕೊಟ್ಟಿದ್ದರು. ದಿನಕ್ಕೆ 20 ಮಿಲಿಗ್ರಾಮಿನ ಒಂದು, ಒಟ್ಟು 14 ದಿನ, ಭೇದಿ ನಿಂತರೂ ಬಿಡುವಂತಿಲ್ಲ. ನಮ್ಮ ವಿಮಾನ ಒಂಬತ್ತನೇ ದಿನಕ್ಕೆ. ಉಳಿದ ಮಾತ್ರೆ, ಒಳಲೆ ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಬಂದೆ. ಹದಿನಾಲ್ಕನೆಯದನ್ನು ಗ್ಲಾಸ್ಗೋದ ಅಡುಗೆಮನೆಯಲ್ಲಿ ಎದೆಹಾಲಿಗೆ ಕರಗಿಸಿ ಅವ್ವನ ಹಾಗೇ ಕೆನ್ನೆಯ ಬದಿಗೆ ಬಿಟ್ಟೆ. ಒಂದು ಕ್ಷಣ ನನ್ನನ್ನೇ ನೋಡಿದವಳು ಪೂರ್ತಿ ನನ್ನ ಮುಖಕ್ಕೆ ಉಗಿದಳು.