ನಿನ್ನದು ಎಷ್ಟು ಆಗಿತ್ತು?

2024ರ ಮಾರ್ಚ್ 3ರ ಭಾನುವಾರ ಮಧ್ಯಾಹ್ನ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಫ್ರೀ ಥ್ರೋ ಗೆರೆಯ ಮೇಲೆ ಬಂದು ನಿಂತಾಗ ನಮ್ಮ ಮನೆಯಲ್ಲಿ ಬಡಿಸಿದ ಅನ್ನ ಆರುತ್ತಿತ್ತು. ಮೊದಲರ್ಧ ಮುಗಿಯಲು ಒಂದು ಸೆಕೆಂಡು ಕೂಡ ಉಳಿದಿರಲಿಲ್ಲ. ಎದುರಾಳಿ ಒಹಾಯೊ ಸ್ಟೇಟ್ ತಂಡಕ್ಕೆ ಟೆಕ್ನಿಕಲ್ ಫೌಲ್ ಬಿದ್ದು, ಇವಳಿಗೆ ಅಡ್ಡಿಯಿಲ್ಲದೆ ಎಸೆಯುವ ಅವಕಾಶ ಸಿಕ್ಕಿತ್ತು. ಚೆಂಡು ಬಲೆಯೊಳಗೆ ಇಳಿಯಿತು. 1970ರಲ್ಲಿ ಪೀಟ್ ಮರಾವಿಚ್ 3,667 ಅಂಕ ಗಳಿಸಿ ಕಾಲೇಜು ಬಿಟ್ಟ ಮೇಲೆ ಮೊದಲ ದರ್ಜೆಯ ಕಾಲೇಜು ತಂಡಗಳ ಗಂಡಸರಲ್ಲಿ ಯಾರೂ ಮುಟ್ಟಲಾಗದ ಲೆಕ್ಕವನ್ನು ಇಪ್ಪತ್ತೆರಡು ವರ್ಷದ ಈ ಹುಡುಗಿ ದಾಟಿದಳು. ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು. ನನಗೆ ಗಂಟಲು ಕಟ್ಟಿತು.

ಜನವರಿಯಲ್ಲಿ ದಾವಣಗೆರೆಯಿಂದ ಬಂದಿರುವ ಅಮ್ಮ ಮೊಮ್ಮಗಳನ್ನು ಕೇಳಿ ವಿಷಯ ತಿಳಿದುಕೊಂಡಳು. ಈ ಅಕ್ಕ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ್ದಾಳೆ, ಹುಡುಗರಿಗಿಂತಲೂ ಹೆಚ್ಚು. ಅಮ್ಮ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ತೀರ ಸಹಜವಾಗಿ, ಉಪ್ಪು ಎಷ್ಟು ಹಾಕಿದೆ ಎಂದು ಕೇಳುವ ಹಾಗೆ ಕೇಳಿದಳು:

“ನೀನೂ ಕಾಲೇಜಿನಲ್ಲಿ ಇದನ್ನೇ ಆಡುತ್ತಿದ್ದೆಯಲ್ಲ. ನಿನ್ನದು ಎಷ್ಟು ಆಗಿತ್ತು?”

ನನಗೆ ಗೊತ್ತಿಲ್ಲ ಎಂದೆ.

“ಗೊತ್ತಿಲ್ಲ ಎಂದರೆ?”

ಇಷ್ಟೇ ಮಾತು. ಆದರೆ ಭಾನುವಾರದಿಂದ ಇವತ್ತಿನವರೆಗೆ ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ, ಕಚೇರಿಯಲ್ಲಿ ಯಾರೋ ಮಾತನಾಡುತ್ತಿರುವಾಗ ಅದೇ ಕೇಳಿಸುತ್ತಿದೆ. ಗೊತ್ತಿಲ್ಲ ಎಂದರೆ?

ಅಯೋವಾಕ್ಕೆ ನಾವು ಬಂದು ಹನ್ನೊಂದು ವರ್ಷವಾಯಿತು. ಕ್ಲಾರ್ಕ್ ಆಡುತ್ತಿದ್ದ ಕಾರ್ವರ್-ಹಾಕೈ ಕ್ರೀಡಾಂಗಣ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. 2024ರಲ್ಲಿ ಅಲ್ಲಿ ಟಿಕೆಟ್ ಸಿಗುವುದು ನಮ್ಮಂಥವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಹೆಣ್ಣುಮಕ್ಕಳ ಕಾಲೇಜು ಪಂದ್ಯಕ್ಕೆ ಹೀಗೆ ಜನ ಮುಗಿಬೀಳುವುದನ್ನು ನೋಡಿ ಹೊರಗಿನವರು ಬೆರಗಾಗುತ್ತಾರೆ. ಇಲ್ಲಿನ ಮುದುಕಿಯರು ಬೆರಗಾಗುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಶಾಲೆಯಲ್ಲಿ ಆಡಿದ್ದು ಆರು ಜನರ ಬ್ಯಾಸ್ಕೆಟ್‌ಬಾಲ್. ಮೂವರು ಅಂಗಳದ ಒಂದು ಅರ್ಧದಲ್ಲಿ ಅಂಕ ಗಳಿಸಬೇಕು, ಮೂವರು ಇನ್ನೊಂದು ಅರ್ಧದಲ್ಲಿ ತಡೆಯಬೇಕು, ಯಾರೂ ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಬಡಿಯುವಂತಿಲ್ಲ. 1993ರವರೆಗೂ ಈ ರಾಜ್ಯದ ಶಾಲೆಗಳಲ್ಲಿ ಅದು ಉಳಿದಿತ್ತು. ಊರಿಗೆ ಊರೇ ಬೀಗ ಹಾಕಿಕೊಂಡು ಹೆಣ್ಣುಮಕ್ಕಳ ಪಂದ್ಯಕ್ಕೆ ಹೋಗುತ್ತಿತ್ತು ಎಂದು ಅಜ್ಜಿ ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ಕ್ಲಾರ್ಕ್ ಡಿ ಮೊಯಿನ್‌ನಲ್ಲಿ ಹುಟ್ಟಿದವಳು, ಅದೇ ಮಣ್ಣಿನ ಹುಡುಗಿ. ಅಂಗಳದ ನಡುವಿನ ಲಾಂಛನದ ಹತ್ತಿರದಿಂದಲೇ ಚೆಂಡು ಎಸೆಯುತ್ತಾಳೆ. ರೆಫರಿಯ ಜೊತೆ ಜಗಳಕ್ಕೆ ನಿಲ್ಲುತ್ತಾಳೆ, ಕೈ ಎತ್ತಿ ಕೂಗುತ್ತಾಳೆ, ಮುಖ ಸಿಂಡರಿಸುತ್ತಾಳೆ. ಹೆಣ್ಣುಮಗಳಿಗೆ ಇದು ಚೆಂದವಲ್ಲ ಎನ್ನುವವರನ್ನು ಇಲ್ಲಿಯೂ ಕಂಡಿದ್ದೇನೆ. ನನಗೆ ಅವಳಲ್ಲಿ ಬಹಳ ಇಷ್ಟವಾಗುವುದೇ ಅದು. ಅವಳು ಯಾರಿಗೂ ಒಳ್ಳೆಯವಳಾಗಿ ಕಾಣಲು ಆಡುತ್ತಿಲ್ಲ.

ಆದರೆ ಈ ವಾರ ನನ್ನನ್ನು ಕಾಡಿದವರು ಕ್ಲಾರ್ಕ್ ಅಲ್ಲ, ಹಳೆಯ ಕಾಲದ ಆಟಗಾರ್ತಿ ಲಿನೆಟ್ ವುಡರ್ಡ್. ಭಾನುವಾರ ಅವರೂ ಕ್ರೀಡಾಂಗಣದಲ್ಲಿದ್ದರು. ಹೆಸರು ಕೂಗಿದಾಗ ಜನ ಎದ್ದು ನಿಂತರು. ನಾನು ಮೂರು ವರ್ಷ ಈ ಆಟ ಆಡಿದವಳು, ಮೂವತ್ತು ವರ್ಷ ಪ್ರೀತಿಸಿದವಳು. ಎರಡು ವಾರದ ಹಿಂದಿನವರೆಗೂ ಆ ಹೆಸರು ನನಗೆ ತಿಳಿದಿರಲಿಲ್ಲ.

ಫೆಬ್ರವರಿ 15ರಂದು ಮಿಶಿಗನ್ ವಿರುದ್ಧ 49 ಅಂಕ ಗಳಿಸಿದ ರಾತ್ರಿ ಕ್ಲಾರ್ಕ್, ಕೆಲ್ಸಿ ಪ್ಲಮ್ ಅವರ 3,527ನ್ನು ದಾಟಿದಳು. ಮಹಿಳೆಯರ ದಾಖಲೆ ಮುರಿಯಿತು ಎಂದು ದೇಶವೆಲ್ಲ ಹಬ್ಬ ಮಾಡಿತು. ಆದರೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1977ರಿಂದ 1981ರವರೆಗೆ ಆಡಿದ ವುಡರ್ಡ್ 3,649 ಅಂಕ ಗಳಿಸಿದ್ದರು. ಅದು ಲೆಕ್ಕಕ್ಕೆ ಇರಲಿಲ್ಲ. ಆಗ ಕಾಲೇಜು ಹೆಣ್ಣುಮಕ್ಕಳ ಆಟಗಳನ್ನು ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ, ಹೆಂಗಸರೇ ಕಟ್ಟಿ ನಡೆಸಿದ ಸಂಸ್ಥೆ. ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆಯಾದ ಎನ್‌ಸಿಎಎ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಶುರು ಮಾಡಿದ್ದು 1982ರಲ್ಲಿ. ಅದು ಬಂದ ಮೇಲೆ ಎಐಎಡಬ್ಲ್ಯು ಬಾಗಿಲು ಮುಚ್ಚಿತು. ಜೊತೆಗೆ ಅದರ ಪುಸ್ತಕಗಳೂ ಮುಚ್ಚಿದವು. ದೊಡ್ಡವರು ತಮ್ಮ ಲೆಕ್ಕವನ್ನು ಹೊಸ ಹಾಳೆಯಿಂದ ಆರಂಭಿಸಿದರು.

ಗಂಡಸರ ಹಳೆಯ ಲೆಕ್ಕವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮರಾವಿಚ್ ಕಾಲದಲ್ಲಿ ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಗೆರೆಯೇ ಇರಲಿಲ್ಲ, ಅವರು ಆಡಿದ್ದು ಮೂರೇ ವರ್ಷ ಎಂದು ಭಾನುವಾರ ಹತ್ತು ಸಲ ಕೇಳಿಸಿಕೊಂಡೆ. ನಿಜ, ಅವರ ಸಾಧನೆ ದೊಡ್ಡದು. ಆದರೆ ವುಡರ್ಡ್ ಕಾಲದಲ್ಲೂ ಆ ಗೆರೆ ಇರಲಿಲ್ಲ. ಅಂದು ಹೆಣ್ಣುಮಕ್ಕಳೂ ಗಂಡಸರ ದೊಡ್ಡ ಚೆಂಡಿನಲ್ಲೇ ಆಡಬೇಕಿತ್ತು. ಸಣ್ಣ ಚೆಂಡು ಬಂದದ್ದು ಅವರು ಕಾಲೇಜು ಬಿಟ್ಟ ಮೇಲೆ, 1984ರಲ್ಲಿ. ಕಾಲೇಜು ಮುಗಿದಾಗ ಅವರಿಗೆ ಇಲ್ಲಿ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಯಂಥ ದಾರಿ ಇರಲಿಲ್ಲ. ಇಟಲಿಗೆ ಹೋಗಿ ಆಡಿದರು. 1980ರ ಮಾಸ್ಕೋ ಒಲಿಂಪಿಕ್ಸ್ ಅಮೆರಿಕದ ಬಹಿಷ್ಕಾರದಲ್ಲಿ ಹೋಯಿತು. 1984ರಲ್ಲಿ ನಾಯಕಿಯಾಗಿ ಚಿನ್ನ ಗೆದ್ದರು. 1985ರಲ್ಲಿ, ಪ್ರದರ್ಶನ ಪಂದ್ಯಗಳಿಗೆ ಹೆಸರಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಮೊದಲ ಮಹಿಳೆಯಾದರು. ನ್ಯೂಯಾರ್ಕ್‌ನಲ್ಲಿ ಷೇರು ದಲ್ಲಾಳಿಯಾಗಿ ದುಡಿದರು. 1997ರಲ್ಲಿ ಹೆಣ್ಣುಮಕ್ಕಳ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದಾಗ, ಬೇರೆಯವರು ನಿವೃತ್ತರಾಗಿ ವರ್ಷಗಳಾಗುವ ವಯಸ್ಸಿನಲ್ಲಿ, ಮತ್ತೆ ಬೂಟು ಕಟ್ಟಿದರು. ಮಗುವಾಗಿದ್ದಾಗ ಅವರು ಮನೆಯಲ್ಲಿ ಅಣ್ಣನ ಜೊತೆ ಎಸೆದು ಆಡುತ್ತಿದ್ದುದು ಸುತ್ತಿದ ಕಾಲುಚೀಲದ ಚೆಂಡನ್ನು.

ಬುಧವಾರ, ಫೆಬ್ರವರಿ 28ರಂದು, ಮಿನೆಸೋಟದಲ್ಲಿ ಕ್ಲಾರ್ಕ್ 3,650ಕ್ಕೆ ತಲುಪಿದಳು. ವುಡರ್ಡ್ ಅವರಿಗಿಂತ ಒಂದೇ ಒಂದು ಅಂಕ ಮುಂದೆ. ಅದೇ ನಿಜವಾದ ದಾಖಲೆ ಎಂದು ಅಯೋವಾದ ಆಗಿನ ಕೋಚ್ ಲೀಸಾ ಬ್ಲೂಡರ್ ಹೇಳಿದರು. 1982ಕ್ಕಿಂತ ಹಿಂದಿನ ಆಟವನ್ನು ಒಪ್ಪದಿರುವುದು ತಪ್ಪು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರೇ ಆ ಕಾಲದಲ್ಲಿ ಕಾಲೇಜು ತಂಡಕ್ಕೆ ಆಡಲು ಇಳಿದವರು. ತನ್ನ ಆಟಗಾರ್ತಿಯ ಹೊಗಳಿಕೆಯ ಹೊತ್ತಿನಲ್ಲಿ ಇನ್ನೊಬ್ಬಳ ಪಾಲನ್ನು ಎತ್ತಿ ಹೇಳಿದ ಆ ಕೋಚ್ ಬಗ್ಗೆ ನನಗೆ ಗೌರವ ಹುಟ್ಟಿತು.

ಇದನ್ನೆಲ್ಲ ಸೋಮವಾರ ರಾತ್ರಿ ಅಮ್ಮನಿಗೆ ವಿವರಿಸಿದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತ ಕೇಳಿದಳು. ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಅವಳ ಹಾಲಿನ ಲೆಕ್ಕವಿರುತ್ತಿತ್ತು. ವರ್ತನೆಯ ಮನೆಗೆ ಅರ್ಧ ಸೇರು ಕೊಟ್ಟರೆ ಇದ್ದಿಲಿನಲ್ಲಿ ಒಂದು ಗಿಡ್ಡ ಗೀಟು, ಒಂದು ಸೇರಿಗೆ ಉದ್ದ ಗೀಟು, ಹಾಲು ಬೇಡವೆಂದ ದಿನಕ್ಕೆ ಸೊನ್ನೆ. ಯುಗಾದಿಗೆ ಮನೆಗೆ ಸುಣ್ಣ ಬಳಿಯುವ ಹಿಂದಿನ ರಾತ್ರಿ ಅಮ್ಮ ಬುಡ್ಡಿ ಹಿಡಿದುಕೊಂಡು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗೀಟಿನ ಮೇಲೆ ಬೆರಳಿಟ್ಟು ನನ್ನ ಹಳೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು.

“ಸುಣ್ಣ ಬಳಿಯುವವರು ಮೊದಲು ಇಳಿಸಿಕೊಳ್ಳಬೇಕಿತ್ತು” ಎಂದಳು. ಅಷ್ಟೇ.

ನನ್ನ ಲೆಕ್ಕವನ್ನು ಇಳಿಸಿಕೊಂಡವರು ಯಾರು? 1996ರಿಂದ 1999ರವರೆಗೆ ಕಾಲೇಜು ತಂಡಕ್ಕೆ ಆಡಿದೆ. ನನ್ನ ಅಂಗಿಯ ಸಂಖ್ಯೆ 9. ಸಿಮೆಂಟು ಬಿರುಕು ಬಿಟ್ಟ ಅಂಗಳ, ಬಲೆಯಿಲ್ಲದ ಬರೀ ಕಬ್ಬಿಣದ ಬಳೆ. ಚೆಂಡು ಒಳಗೆ ಬಿದ್ದದ್ದೋ ಹೊರಗೆ ಹೋದದ್ದೋ ಎಂದು ವಾದವಾಗುತ್ತಿತ್ತು. ಪಂದ್ಯಗಳಲ್ಲಿ ಸ್ಕೋರ್ ಷೀಟ್ ಬರೆಯುತ್ತಿದ್ದರು. ಅದರಲ್ಲಿ ಅಂಕಿಗಳನ್ನು ಸಾಲಾಗಿ ಮುದ್ರಿಸಿರುತ್ತಾರೆ. ಬುಟ್ಟಿ ಬಿದ್ದರೆ ತಂಡದ ಮೊತ್ತದ ಅಂಕಿಯ ಮೇಲೆ ಓರೆಗೆರೆ ಎಳೆದು ಪಕ್ಕದಲ್ಲಿ ಹಾಕಿದವಳ ಸಂಖ್ಯೆ ಬರೆಯಬೇಕು. ಆಟದ ನಡುವೆ ಓಡಿಹೋಗಿ ಬಗ್ಗಿ ನೋಡುತ್ತಿದ್ದೆ: 9, 9, ಮತ್ತೆ 9. ಆ ಹಾಳೆಗಳು ದೈಹಿಕ ಶಿಕ್ಷಣದ ಕೋಣೆಯ ಬೀರುವಿನಲ್ಲಿದ್ದವು. ನಾವು ಕಾಲೇಜು ಬಿಟ್ಟ ಕೆಲವು ವರ್ಷಕ್ಕೆ ರದ್ದಿಗೆ ಹೋದವು ಎಂದು ಕೇಳಿದೆ. ಹುಡುಗರ ತಂಡದ ಕಟ್ಟು ಹಾಕಿದ ಫೋಟೋಗಳು ಪ್ರಾಂಶುಪಾಲರ ಕೋಣೆಯ ಹೊರಗೆ ಇನ್ನೂ ಇವೆ. ನಮ್ಮದು ತೆಗೆದೇ ಇರಲಿಲ್ಲ.

ಇಷ್ಟು ವರ್ಷ ಅದಕ್ಕಾಗಿ ದುಃಖಪಟ್ಟವಳಲ್ಲ ನಾನು. ಆಡಿದೆವು, ಗೆದ್ದೆವು, ಮದುವೆಯಾಯಿತು, ಮುಗಿಯಿತು ಎಂದುಕೊಂಡಿದ್ದೆ. ಅಮ್ಮ ಕೇಳಿದ ಮೇಲೆ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ. ಅಮ್ಮ ನನ್ನ ಒಂದು ಪಂದ್ಯವನ್ನೂ ನೋಡಿದವಳಲ್ಲ. ಅಪ್ಪನಿಗೆ ತಿಳಿಯದಂತೆ ನನ್ನ ಚಡ್ಡಿ ಬನಿಯನ್ನು ಹಿತ್ತಲಲ್ಲಿ ಒಗೆದು, ಸೀರೆಯ ಒಳಮಡಿಕೆಯಲ್ಲಿ ಒಣಹಾಕುತ್ತಿದ್ದಳು. ಅಂದೂ ಅವಳು ಕೇಳಿದ್ದರೆ ಹೇಳುತ್ತಿದ್ದೆ. ಅವಳು ಕೇಳಲಿಲ್ಲ. ಕೇಳಬಹುದಾದ ಪ್ರಶ್ನೆ ಅದು ಎಂದು ಅವಳಿಗೂ ತಿಳಿದಿರಲಿಲ್ಲ, ಕಾದು ನಿಲ್ಲಬಹುದು ಎಂದು ನನಗೂ ತಿಳಿದಿರಲಿಲ್ಲ. ಈ ಊರಿನ ಹುಡುಗಿಯೊಬ್ಬಳು ಗೆರೆಯ ಮೇಲೆ ನಿಂತು, ಅವಳ ಹಿಂದೆ ಇಡೀ ಕ್ರೀಡಾಂಗಣ ಲೆಕ್ಕ ಹಾಕುತ್ತ ಕೂತದ್ದನ್ನು ನೋಡಿದ ಮೇಲೆ ಎಪ್ಪತ್ತೊಂದರ ನನ್ನ ತಾಯಿಗೆ ಅದು ಹೊಳೆಯಿತು.

ನಿನ್ನೆ ತಂಡದ ಇಬ್ಬರು ಗೆಳತಿಯರಿಗೆ ಫೋನ್ ಮಾಡಿದೆ. ಒಬ್ಬಳು ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ, ಇನ್ನೊಬ್ಬಳು ಹೊನ್ನಾಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾಳೆ. ಕೊನೆಯ ವರ್ಷದ ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ನಾನು ಎಷ್ಟು ಹಾಕಿದ್ದೆ, ನೆನಪಿದೆಯಾ ಎಂದು ಕೇಳಿದೆ. ಬ್ಯಾಂಕಿನವಳು ತಕ್ಷಣ ಹತ್ತೊಂಬತ್ತು ಎಂದಳು. ಹೊನ್ನಾಳಿಯವಳು ಇಪ್ಪತ್ತೊಂದು, ಕೊನೆಯ ಬುಟ್ಟಿ ಸೀಟಿಗೆ ಮೊದಲೇ ಬಿದ್ದಿತ್ತು, ಅದನ್ನು ಬರೆಯುವವನು ಬಿಟ್ಟ ಎಂದು ಜಗಳಕ್ಕೇ ನಿಂತಳು. ಇಪ್ಪತ್ತೈದು ವರ್ಷದ ಮೇಲೆ ನನ್ನ ಎರಡು ಅಂಕಕ್ಕಾಗಿ ಅವಳ ಧ್ವನಿ ಏರಿತು. ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಮಗಳು ತನ್ನ ಶಾಲೆಯ ನೋಟ್‌ಬುಕ್ ತೆರೆದು, ನನ್ನ ಹೆಸರು ಬರೆದು, ಪಕ್ಕದಲ್ಲಿ 9 ಎಂದು ಬರೆದು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಹತ್ತೊಂಬತ್ತು ಎಂದು ಬರೆ ಎಂದೆ.

ಅಮ್ಮ ಒಪ್ಪಲಿಲ್ಲ.