ಭಾನುವಾರದ ವಿದ್ಯಾರ್ಥಿಗಳು

ನಿಮ್ಮ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, ನಾವು ನಿಮ್ಮ ಲೆಕ್ಕಕ್ಕೆ ಬರ್ತೀವಾ ಅಂತ. ಯಾಕಂದ್ರೆ ನಾನು ಓದಿದ್ದು ಇಗ್ನೋದಲ್ಲಿ, ಅಂದ್ರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ, ದೂರಶಿಕ್ಷಣದ ಎಂ.ಎ. ಸೈಕಾಲಜಿ. ಮೈಸೂರಿನ ಈ ಕಾಲೇಜು ನಮಗೆ ಸ್ಟಡಿ ಸೆಂಟರ್ ಅಷ್ಟೇ. ವಾರವೆಲ್ಲ ನಿಮ್ಮ ಮಕ್ಕಳು ಕೂರುವ ಬೆಂಚಿನ ಮೇಲೆ ಭಾನುವಾರ ಬಂದು ಕೂರುತ್ತಿದ್ದ, ನಲವತ್ತರ ಆಸುಪಾಸಿನ, ರೀಡಿಂಗ್ ಗ್ಲಾಸ್ ಹಾಕಿದ ಗುಂಪು ನಮ್ಮದು. ಕ್ಯಾಂಟೀನ್ ಮುಚ್ಚಿರುತ್ತಿತ್ತು, ಲೈಬ್ರರಿಯೂ ಮುಚ್ಚಿರುತ್ತಿತ್ತು. "ಬರ್ತೀರಿ, ಬರೀರಿ ಮೇಡಂ" ಅಂದರು.

ನಾನು ಹೊಳೆನರಸೀಪುರದ ಕಡೆ ಹೈಸ್ಕೂಲ್ ಟೀಚರ್. ಬಿ.ಎಡ್.ನಲ್ಲಿ ಸೈಕಾಲಜಿ ಸ್ವಲ್ಪ ಓದಿದ್ದೆ, ಅದರ ರುಚಿ ಹೋಗಿರಲಿಲ್ಲ. ಆದರೆ ಕೆಲಸ, ಮಕ್ಕಳು, ಅತ್ತೆ ಎಲ್ಲ ಬಿಟ್ಟು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಬಂದು ಎರಡು ವರ್ಷ ರೆಗ್ಯುಲರ್ ಓದೋದು ಆಗದ ಮಾತು. ಇಗ್ನೋದಲ್ಲಿ ಯಾವ ಡಿಗ್ರಿ ಆದವರೂ ಸೇರಬಹುದಿತ್ತು. 2020ರಲ್ಲಿ ಸೇರಿದೆ. ಅದು ಕೊರೊನಾ ವರ್ಷ, ಹಾಗಾಗಿ ದೂರಶಿಕ್ಷಣ ಅಂತ ಸೇರಿದ್ದು ಒಂದಷ್ಟು ಕಾಲ ಪೂರ್ತಿ ಆನ್‌ಲೈನ್ ಆಗಿಹೋಯಿತು.

ಪಾಠದ ಪುಸ್ತಕಗಳೆಲ್ಲ ಇಗ್ನೋದ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತಿದ್ದವು. ಕ್ಲಾಸು ಮೊಬೈಲ್‌ನಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಬರೋದು ತಾರಸಿಯ ನೀರಿನ ಟ್ಯಾಂಕ್ ಪಕ್ಕ ಮಾತ್ರ. ಹಾಗಾಗಿ ಫ್ರಾಯ್ಡ್, ಯೂಂಗ್, ಆಡ್ಲರ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರ ಪಾಠವನ್ನೂ ನಾನು ಕೇಳಿದ್ದು ಹಪ್ಪಳ ಒಣಗಿಸಿದ ಸೀರೆಯ ಪಕ್ಕ ಕೂತು. ಇಷ್ಟೆಲ್ಲ ಆನ್‌ಲೈನ್ ಆದರೂ ಅಸೈನ್‌ಮೆಂಟ್ ಮಾತ್ರ ಕೈಯಲ್ಲೇ ಬರೆಯಬೇಕು, ಆಮೇಲೆ ಹಾಳೆ ಹಾಳೆ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸಬೇಕು. ಬರೆಯೋದು ಇಂಗ್ಲಿಷ್ ಇಲ್ಲವೇ ಹಿಂದಿ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಅದೇ ದೊಡ್ಡ ಗುಡ್ಡ. ವಾಟ್ಸಾಪ್ ಗ್ರೂಪಿನಲ್ಲಿ ಮಂಡ್ಯದ ಕಡೆಯ ನರ್ಸ್ ಒಬ್ಬರಿದ್ದರು. ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು, ಸ್ಟ್ಯಾಟಿಸ್ಟಿಕ್ಸ್ ಲೆಕ್ಕದ ಟಿ-ಟೆಸ್ಟ್ ಅಂದ್ರೆ ಏನು, ಕೈ-ಸ್ಕ್ವೇರ್ ಯಾವಾಗ ಹಾಕಬೇಕು ಅಂತ ಅಚ್ಚ ಮಂಡ್ಯ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಿದ್ದರು, ಹಿಂದೆ ಕಂಡಕ್ಟರ್ ಸೀಟಿಯೂ ಕೇಳಿಸುತ್ತಿತ್ತು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಮ್ಮ ಗುಂಪು ಪಾಸಾದದ್ದು ಅವರಿಂದಲೇ. ಅದರ ಬಗ್ಗೆ ಇನ್ನು ಹೇಳೋದೇನಿಲ್ಲ, ಪಾಸಾದೆವು, ಸಾಕು.

ನನಗೆ ಹಿಡಿಸಿದ್ದು ನೆನಪಿನ ಪಾಠ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಪಂಡಿತ ಅರ್ಥವೇ ಇಲ್ಲದ ಅಕ್ಷರದ ತುಂಡುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದ. ಪ್ರಯೋಗ ಮಾಡಿದವನೂ ಅವನೇ, ಮಾಡಿಸಿಕೊಂಡವನೂ ಅವನೇ. ನಮಗೆ ಪ್ರಾಕ್ಟಿಕಲ್ ಮಾಡೋ ಕಾಲೇಜಿನ ಲ್ಯಾಬ್ ಇನ್ನೂ ತೆರೆದಿರಲಿಲ್ಲ. ಸರಿ, ಮನೆಯಲ್ಲೇ ಮಾಡಿ ನೋಡೋಣ ಅಂತ ಗಿಮು, ತೋಜ, ಡುಪೆ ಹೀಗೆ ಒಂದಷ್ಟು ತುಂಡುಗಳನ್ನು ಹಳೆಯ ಮದುವೆ ಕಾರ್ಡಿನ ಹಿಂದೆ ಬರೆದುಕೊಂಡು ಅತ್ತೆಯನ್ನು ಕೂರಿಸಿಕೊಂಡೆ. ಒಂದೊಂದೇ ಕಾರ್ಡು ಎತ್ತಿ ತೋರಿಸೋದು, ಅವರು ಓದೋದು. ಮೂರನೇ ಕಾರ್ಡಿಗೆ ನಿಲ್ಲಿಸಿದರು. "ಗಿಮು ಅಂದ್ರೆ ಗಿಣಿಮೂತಿ ಮಾವಿನಕಾಯಿ ಅಲ್ವೇನೇ?" ಇಲ್ಲ ಅತ್ತೆ, ಅರ್ಥ ಏನೂ ಇಲ್ಲ, ಸುಮ್ನೆ ಓದಿ ಅಂದೆ. "ಅರ್ಥ ಇಲ್ದೆ ಯಾರಾದ್ರೂ ಬರೀತಾರಾ? ಡುಪೆ ಅಂದ್ರೆ ಡೂಪು, ಆವತ್ತು ಸೀರೆಯವನು ಹೊಡ್ದನಲ್ಲ, ಅದು." ಮಾರನೇ ದಿನ ಕೇಳಿದರೆ ಗಿಮು ಅಂತ ಒಂದೂ ನೆನಪಿಲ್ಲ. ಗಿಣಿಮೂತಿ ನೆನಪಿದೆ, ಸೀರೆಯವನೂ ನೆನಪಿದ್ದಾನೆ, ಅವನ ಮೇಲಿನ ಸಿಟ್ಟಂತೂ ಹೊಸದಾಗಿ ಬಂದಿದೆ.

ಎಂಥಾ ಕೆಟ್ಟ ಪ್ರಯೋಗ ಅಂತ ಆವತ್ತು ಕಾರ್ಡು ಎತ್ತಿಟ್ಟೆ. ಆಮೇಲೆ ಬಾರ್ಟ್‌ಲೆಟ್ ಪಾಠ ಬಂತು. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಎಬ್ಬಿಂಗ್‌ಹೌಸ್‌ಗೆ ಎದುರಾಗಿ ಹೇಳಿದ್ದೂ ಇದನ್ನೇ. ಮನುಷ್ಯನ ಮುಂದೆ ಏನೇ ಇಟ್ಟರೂ ಅವನು ಅದಕ್ಕೊಂದು ಅರ್ಥ ಹುಡುಕಿಯೇ ಹುಡುಕುತ್ತಾನೆ, ನೆನಪು ಅಂದರೆ ಇದ್ದದ್ದನ್ನು ಇದ್ದ ಹಾಗೆ ಎತ್ತಿ ಕೊಡೋದಲ್ಲ, ಹೊಸದಾಗಿ ಕಟ್ಟೋದು. ನಮ್ಮತ್ತೆ ಅವನನ್ನು ಓದಿರಲಿಲ್ಲ, ಅಷ್ಟೇ ವ್ಯತ್ಯಾಸ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಬರಲಿಲ್ಲ.

ಕೊನೆಗೂ ಲ್ಯಾಬ್ ತೆರೆಯಿತು. ಬೆಳಗಿನ ರೈಲು ಹತ್ತಿ, ಕೆ.ಆರ್. ನಗರ ದಾಟಿ ಮೈಸೂರಿಗೆ ಬರೋದು, ಸ್ಟೇಷನ್ನಿನಲ್ಲಿ ಇಡ್ಲಿ ತಿಂದು ನಡೆದು ಬರೋದು. ಅಲ್ಲಿಯವರೆಗೆ ಬರೀ ಡಿಪಿ ಫೋಟೋ ಆಗಿದ್ದವರೆಲ್ಲ ಎದುರಿಗೆ ಸಿಕ್ಕರು. ಹೆಡ್ ಕಾನ್‌ಸ್ಟೇಬಲ್ ಒಬ್ಬರು, ಸಾಫ್ಟ್‌ವೇರ್ ಕೆಲಸ ಬಿಟ್ಟ ಹುಡುಗ, ಮಗಳ ಜೊತೆ ತಾನೂ ಪಿ.ಜಿ. ಸೇರಿದ ಗೃಹಿಣಿ, ಮತ್ತೆ ನಮ್ಮ ನರ್ಸ್.

ಮಿರರ್ ಡ್ರಾಯಿಂಗ್ ಅಂತ ಒಂದು ಪ್ರಯೋಗ ಇದೆ. ನಕ್ಷತ್ರದ ಆಕಾರ, ಅದರ ಎರಡು ಗೆರೆಯ ನಡುವೆ ಕಡ್ಡಿ ಎಳೆದುಕೊಂಡು ಹೋಗಬೇಕು. ಕೈ ಕಾಣದ ಹಾಗೆ ಅಡ್ಡ ತಗಡು ಇರುತ್ತದೆ, ಕನ್ನಡಿಯಲ್ಲಿ ನೋಡಿಕೊಂಡೇ ಎಳೆಯಬೇಕು. ಕಾನ್‌ಸ್ಟೇಬಲ್ ಸಾಹೇಬರು ಕೂತರು, ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ನೇರ ಗೆರೆಯಲ್ಲಿ ಸರಾಗ ಹೋದವರು ಮೊದಲ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರು. ಕೈ ಬಲಕ್ಕೆ ಹೋಗಬೇಕು, ಹೋಗುತ್ತಿಲ್ಲ. ಅಲ್ಲೇ ನಡುಗುತ್ತಿದೆ. ಬೆವರು, ಪಕ್ಕದಲ್ಲಿ ಯಾರೋ ನಕ್ಕರು. "ಹಿಂದಕ್ಕೆ ತಗೊಳ್ಳಿ ಸಾರ್" ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಚಾಳಿ ನೋಡಿ. ನಿಮ್ಮ ಕಾಲೇಜಿನ ಮೇಡಂ ಹಿಂದೆ ನಿಂತಿದ್ದವರು ನನ್ನ ಭುಜದ ಮೇಲೆ ಬೆರಳಿಟ್ಟರು, ಅಷ್ಟೇ. ಸುಮ್ಮನಿರಬೇಕು. ಎಲ್ಲರಿಗೂ ಒಂದೇ ಸೂಚನೆ, ಒಂದೇ ದನಿಯಲ್ಲಿ, ಆಮೇಲೆ ಕೈಕಟ್ಟಿ ಕೂರಬೇಕು. ಮುಗಿದ ಮೇಲೆ ಹೇಗನಿಸಿತು ಅಂತ ಕೇಳಿ ಬರೆದುಕೊಳ್ಳಬೇಕು. "ಸಿಟ್ಟು ಬಂತು, ಕೈ ನಂದಲ್ಲ ಅನ್ನಿಸ್ತು" ಅಂದರು ಅವರು.

ಆನ್‌ಲೈನ್‌ನಲ್ಲಿ ಇದೊಂದು ಬರೋಲ್ಲ. ಥಿಯರಿ ಮನೆಯಲ್ಲಿ ಕೂತು ಓದಬಹುದು, ಹಾಗೇ ಓದಿದರೆ ಜಾಸ್ತಿ ತಲೆಗೆ ಹೋಗುತ್ತೆ ಅಂತ ಕೂಡ ಹೇಳ್ತೀನಿ, ಅರ್ಥವಾಗದ ಪುಟಕ್ಕೆ ರಾತ್ರಿ ಹನ್ನೊಂದಕ್ಕೆ ಮತ್ತೆ ವಾಪಸ್ ಹೋಗಬಹುದು. ಆದರೆ ಒಬ್ಬರು ಎದುರಿಗೆ ಕೂತು ಒದ್ದಾಡುವಾಗ ಬಾಯಿ ಮುಚ್ಚಿಕೊಂಡಿರೋದನ್ನು ಯಾವ ಪಿಡಿಎಫ್ ಕಲಿಸುತ್ತೆ?

ಆ ಲ್ಯಾಬಿನ ಬೀರುವಿನಲ್ಲೇ ಬಿನೆ-ಕಾಮತ್ ಪರೀಕ್ಷೆಯ ಪೆಟ್ಟಿಗೆ ಮೊದಲ ಸಲ ನೋಡಿದ್ದು. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿಮಾಪನ ಪರೀಕ್ಷೆಯನ್ನು ಕಾಮತ್ ಅನ್ನೋರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ದರು. ಇಂಗ್ಲಿಷ್ ಪುಸ್ತಕದಲ್ಲಿ ಮುಳುಗಿದ್ದ ನಮಗೆ, ಇದರಲ್ಲಿ ನಮ್ಮ ಕಡೆಯವರೂ ಇದ್ದಾರಲ್ಲ ಅಂತ ಒಂಥರಾ ಖುಷಿ. ಅಷ್ಟೇ ಯಾಕೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಮಾಡಿದ್ದು, ಆಕಾಶವಾಣಿ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ಸೈಕಾಲಜಿ ಮೇಷ್ಟ್ರು ಮನೆಯಲ್ಲಿ ಕೂತವರಿಗೆ ದನಿ ಕಳಿಸಿದ ಊರಿನಲ್ಲಿ ನಮ್ಮ ಮೊಬೈಲ್ ಕ್ಲಾಸು ಏನು ಮಹಾ, ಅಲ್ವಾ?

ಎರಡನೇ ವರ್ಷ ಇಂಟರ್ನ್‌ಶಿಪ್. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ನಡೆಯುತ್ತೆ, ರಜೆ ಹಾಕಿ ಅಲ್ಲಿಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ. ಪುಸ್ತಕದಲ್ಲಿ ಡಿಪ್ರೆಷನ್‌ನ ಲಕ್ಷಣಗಳ ಪಟ್ಟಿ ಬಾಯಿಪಾಠ ಆಗಿತ್ತು, ಮೊದಲನೆಯದೇ ಬೇಸರ. ಇಲ್ಲಿ ಬೇಸರ ಅಂತ ಬಾಯಿಬಿಟ್ಟು ಹೇಳಿದವರು ಕಡಿಮೆ. ಎದೆ ಭಾರ, ನೆತ್ತಿ ಉರಿ, ಮೈಕೈ ಸೋಲು ಅಂತಾನೇ ಶುರು ಮಾಡೋರು. ಡಾಕ್ಟರು "ನಿದ್ದೆ ಹೆಂಗ್ ಬತ್ತದೆ?" ಅಂತ ಕೇಳಿದ ಮೇಲೆ ಮಿಕ್ಕಿದ್ದು ಒಂದೊಂದೇ ಹೊರಗೆ ಬರುತ್ತಿತ್ತು.

ಈಗ ಈ ಬಾಗಿಲು ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕೋ ಯುಜಿಸಿ, ಸೈಕಾಲಜಿ ಮತ್ತು ಆರೋಗ್ಯಕ್ಕೆ ಸೇರಿದ ಕೋರ್ಸುಗಳಿಗೆ ಆ ವರ್ಷದ ಜುಲೈ-ಆಗಸ್ಟ್ ಸಾಲಿನಿಂದಲೇ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಹೊಸಬರನ್ನು ಸೇರಿಸಿಕೊಳ್ಳಬಾರದು ಅಂತ ಹೇಳಿತು. ಕಾರಣ ಇಲ್ಲದೇ ಇಲ್ಲ. ಒಬ್ಬ ಮನುಷ್ಯನನ್ನೂ ಎದುರಿಗೆ ಕೂರಿಸಿಕೊಳ್ಳದೆ ಎಂ.ಎ. ಮುಗಿಸಿ, ಇನ್‌ಸ್ಟಾಗ್ರಾಂನಲ್ಲಿ ಸೈಕಾಲಜಿಸ್ಟ್ ಅಂತ ಹಾಕಿಕೊಂಡು ಗಂಟೆಗಿಷ್ಟು ಅಂತ ದುಡ್ಡು ತಗೊಳ್ಳೋರನ್ನು ನಾನೂ ನೋಡಿದ್ದೀನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಈ ಎಂ.ಎ. ಸಾಲದು, ಅದರ ಮೇಲೆ ಆಸ್ಪತ್ರೆಯಲ್ಲಿ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಎಲ್ಲ ಬೇಕು. ಆದರೂ ಬಾಗಿಲನ್ನೇ ಹಾಕಬೇಕಿತ್ತಾ? ಪ್ರಾಕ್ಟಿಕಲ್ ಬಿಗಿ ಮಾಡಬಹುದಿತ್ತು. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಇಲ್ಲೇ ಬಂದು ಲ್ಯಾಬ್ ಮಾಡಿ, ಇಲ್ಲಾಂದ್ರೆ ಫೇಲ್ ಅಂದಿದ್ದರೆ ನಾವು ಹೇಗೋ ಬರುತ್ತಿದ್ದೆವು. ಎರಡು ವರ್ಷ ಮೈಸೂರಿನಲ್ಲಿ ರೂಮ್ ಮಾಡಿಕೊಂಡು ಇರಿ ಅಂದರೆ ಆ ನರ್ಸ್ ಎಲ್ಲಿಂದ ಬರಬೇಕು?

ನಾನೇನೂ ಕ್ಲಿನಿಕ್ ತೆರೆದಿಲ್ಲ, ಅದೇ ಸ್ಕೂಲು, ಅದೇ ವಿಜ್ಞಾನ ಪಾಠ. ನೋಟಿಸ್ ಬೋರ್ಡಿನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ ಬರೆಸಿದ್ದೀನಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾವ ಹುಡುಗನಾದರೂ ಊಟದ ಬೆಲ್ ಆದ ಮೇಲೂ ಬೆಂಚು ಬಿಟ್ಟು ಏಳದಿದ್ದರೆ ಪಕ್ಕದಲ್ಲಿ ಹೋಗಿ ಕೂರ್ತೀನಿ, ತಕ್ಷಣ ಏನೂ ಕೇಳೋಲ್ಲ.

ನಿಮ್ಮಲ್ಲಿ ಯಾರಾದರೂ ರೆಗ್ಯುಲರ್ ಆಗಿ ಸೈಕಾಲಜಿ ಪಿ.ಜಿ. ಸೇರೋರಿದ್ದರೆ ನನ್ನ ಹತ್ತಿರ ಎರಡೂ ವರ್ಷದ ಪುಸ್ತಕಗಳಿವೆ, ಪ್ರಿಂಟ್ ತೆಗೆಸಿ ಬೈಂಡ್ ಹಾಕಿಸಿದ್ದು. ಸಂಪಾದಕರ ಹತ್ತಿರ ನನ್ನ ನಂಬರ್ ಇದೆ, ಬಂದು ತಗೊಂಡು ಹೋಗಿ. ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ ಮೇಲೆ ಸಾರು ಚೆಲ್ಲಿದೆ, ಆದರೂ ಸೂತ್ರಗಳು ಓದೋಕೆ ಬರುತ್ತವೆ.