ಬೀಗ ಹಾಕಿದ ಕೋಣೆಯ ಲೆಕ್ಕ

"ತಮಾ, ನಾವು ಕೊಟ್ಟ ಕಂಪ್ಯೂಟರು ಈಗ ಹೆಂಗವೆ?"

ಡೊಂಬಿವಲಿಯ ಸಭೆಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಹೊಸ ಕಟ್ಟಡದ ನಕ್ಷೆಯಿತ್ತು. ಕುಮಟಾ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ನಮ್ಮೂರಿನಿಂದ ಹೋಗಿ ಮುಂಬೈಯಲ್ಲಿ ನೆಲೆನಿಂತವರು ಕಟ್ಟಿಕೊಂಡ ಸಂಘದ ಮುಂದೆ ನಿಂತು, ಎರಡು ಕೋಣೆ ಕಟ್ಟಲು ನೆರವು ಕೇಳಿ ಬರಬೇಕೆಂದು ಆಡಳಿತ ಮಂಡಳಿ ನನ್ನನ್ನು ಕಳಿಸಿತ್ತು. ಕಂಪ್ಯೂಟರು ಹೇಗಿವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಕೋಣೆಗೆ ಬೀಗ ಬಿದ್ದು ಎರಡು ಮಳೆಗಾಲ ಕಳೆದಿತ್ತು.

ಚೆನ್ನಾಗಿವೆ ಅಂದುಬಿಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ದೂರದಿಂದ ಬಂದು ಬೀಗ ತೆಗೆಸಿ ನೋಡುವವರು ಯಾರಿದ್ದರು? ಆದರೆ ಕೇಳಿದವರು ಸಣ್ಣ ಖಾನಾವಳಿಯೊಂದರಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಬದುಕು ಕಟ್ಟಿಕೊಂಡವರು. ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ನಡೆದದ್ದನ್ನು ಹೇಳಿದೆ.

ಕರಾವಳಿಯಲ್ಲಿ ಕಂಪ್ಯೂಟರು ಬಳಸದೆ ಇಟ್ಟಷ್ಟೂ ಬೇಗ ಹಾಳಾಗುತ್ತದೆ. ಹೊಳೆ ಕಡೆಯಿಂದ ಬರುವ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಆರದ ತೇವ. ಆರಿದ್ರಾ ಮಳೆ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಗುಡುಗು ಸಿಡಿಲಿಗೆ ಕರೆಂಟು ಏರಿಳಿದು ಯುಪಿಎಸ್ ಮೊದಲು ಕೈಕೊಟ್ಟಿತು. ಬ್ಯಾಟರಿ ಬದಲಿಸಲು ಹಣವಿಲ್ಲವೆಂದು ಕೋಣೆ ಮುಚ್ಚಿದೆವು. ಮುಚ್ಚಿದ ಕೋಣೆಯಲ್ಲಿ ಒಳಗಿನ ಬೋರ್ಡುಗಳಿಗೆ ಕಿಲುಬು ಹಿಡಿಯಿತು, ಮೇಜಿನ ಕಾಲಿಗೆ ಒರಲೆ ಹತ್ತಿತು. ಉದ್ಘಾಟನೆಗೆ ಪೆಂಡಾಲು ಹಾಕಿದ್ದೆವು, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದೆವು. ರಿಪೇರಿಗೆಂದು ಒಂದು ರೂಪಾಯಿಯನ್ನೂ ತೆಗೆದಿಟ್ಟಿರಲಿಲ್ಲ. ಆ ವರ್ಷದ ಆಯವ್ಯಯ ಪಟ್ಟಿ ಬರೆದವನು ನಾನೇ.

ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಠಾಣೆ ನಗರದಲ್ಲಿ ವೈರಿಂಗ್ ಕೆಲಸ ಮಾಡುವ ಒಬ್ಬರು, "ಬ್ಯಾಟರಿಗೆ ದುಡ್ಡಿಲ್ಲ ಅಂತ ನಮಗೆ ಯಾಕೆ ಹೇಳಲಿಲ್ಲ?" ಅಂದರು. ಕೊಟ್ಟವರನ್ನೇ ಮತ್ತೆ ಕೇಳಲು ನಾಚಿಕೆಯಾಯಿತು ಅಂದೆ. "ನಾಚ್ಕೊಂಡು ಮಕ್ಕಳ ಕೋಣೆಗೆ ಬೀಗ ಹಾಕಿದ್ರಾ?" ಎಂದು ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದರು. ಹನ್ನೊಂದು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಟಿದ ಮಾತು ಇನ್ನೊಂದಿಲ್ಲ. ನಕ್ಷೆಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಮುಂಬೈಗೂ ನಮ್ಮ ಜಿಲ್ಲೆಗೂ ಇರುವ ನಂಟು ಇಂದು ನಿನ್ನೆಯದಲ್ಲ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬೈ ಆಡಳಿತದಲ್ಲೇ ಇತ್ತು. ಹೊಟ್ಟೆಪಾಡಿಗೆ ಹೊರಟವರಿಗೂ ಓದಲು ಹೊರಟವರಿಗೂ ಅದೇ ದಾರಿ. ಹಾಗೆ ಹೋದವರು ಊರನ್ನು ಮರೆಯಲಿಲ್ಲ. ಮುಂಬೈಯಲ್ಲಿ ಭಾರತ ಸೇವಕ ಸಮಾಜದಲ್ಲಿ ದುಡಿದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಹೈಸ್ಕೂಲಿನ ಮುಖವನ್ನೇ ಕಾಣದ ಹಳ್ಳಿಗಳಿಗೆ ಜನತಾ ವಿದ್ಯಾಲಯಗಳನ್ನು ತಂದರು. ಕುಮಟೆಯ ಕಾಲೇಜಿಗೆ ಮುಂಬೈಯ ಶಸ್ತ್ರಚಿಕಿತ್ಸಕ ಡಾ. ಎ. ವಿ. ಬಾಳಿಗಾ ಅವರ ಹೆಸರಿದೆ. ಇತ್ತ ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಶಿಕ್ಷಣ ಸಂಸ್ಥೆಯನ್ನು ಊರು ಬಿಟ್ಟು ದುಡಿಯುವ ಮಕ್ಕಳು ಇವತ್ತಿಗೂ ಕೈಬಿಟ್ಟಿಲ್ಲ. ನಮ್ಮ ಅಪ್ಪ ಹತ್ತನೇ ತರಗತಿ ಮುಗಿಸಿದ್ದು ಇಂಥದೇ ಒಂದು ಶಾಲೆಯಲ್ಲಿ, ಹೊಳೆ ದಾಟಿ ದೋಣಿಯಲ್ಲಿ ಹೋಗಿ. ಆ ಮನೆಯ ಮಗನಾಗಿದ್ದೂ ಬೀಗ ಹಾಕಿ ಕುಳಿತದ್ದು ನನಗೆ ಇನ್ನೂ ಚುಚ್ಚುತ್ತದೆ.

ಡೊಂಬಿವಲಿಯ ಸಭೆಯ ಕೊನೆಗೆ ಸಂಘದವರೇ, "ಈಗ ನಿಜವಾಗಿ ಏನು ಬೇಕು ಹೇಳಿ" ಅಂದರು. ನಿಜವಾಗಿ ಬೇಕಾಗಿದ್ದದ್ದು ಗಣಿತದ ಟೀಚರ ಸಂಬಳ. ಅನುದಾನಿತ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. ಅದು ಬರುವ ತನಕ ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಟ್ಟು ತಾತ್ಕಾಲಿಕವಾಗಿ ಒಬ್ಬರನ್ನು ಇಟ್ಟುಕೊಳ್ಳಬೇಕು. ನಮ್ಮ ಗಣಿತದ ಅಕ್ಕೋರಿಗೆ ನಾವು ಕೊಡುತ್ತಿದ್ದದ್ದು ಹೇಳಿಕೊಳ್ಳುವಂಥ ಮೊತ್ತವಲ್ಲ, ಅದೂ ಕೆಲವು ತಿಂಗಳು ತಡವಾಗಿ. ಇದನ್ನು ನಾನು ಯಾವ ಮನವಿಯಲ್ಲೂ ಬರೆದಿರಲಿಲ್ಲ. ಸಂಬಳಕ್ಕೆ ಹೆಸರಿನ ಕಲ್ಲು ಹಾಕಿಸಲಾಗದು, ಆದ್ದರಿಂದ ಯಾರೂ ಕೊಡಲಾರರು ಎಂದು ನನಗೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಂದು ಹೇಳಿದೆ. ನಾಲ್ಕು ಮನೆಯವರು ಸೇರಿ ಒಂದು ವರ್ಷದ ಸಂಬಳ ಹೊತ್ತುಕೊಂಡರು. ಕಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು ಒಂದು ಪದ್ಧತಿ ಹಿಡಿದೆ. ಮೂರು ತಿಂಗಳಿಗೊಮ್ಮೆ ಒಂದೇ ಪುಟದ ಪತ್ರ, ವಾಟ್ಸಾಪಿನಲ್ಲಿ. ಬಂದದ್ದೆಷ್ಟು, ಹೋದದ್ದೆಷ್ಟು, ಬ್ಯಾಂಕಿನಲ್ಲಿ ಉಳಿದದ್ದೆಷ್ಟು, ಜೊತೆಗೆ ಈ ಸಲ ಏನು ಕೆಟ್ಟಿತು. ಕೊನೆಯದನ್ನು ಬಿಡುವಂತಿಲ್ಲ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಕೈಗೆ ಪಟ್ಟಿ ಪುಸ್ತಕ ಕೊಟ್ಟು ತೆಗೆಸುವ ಫೋಟೊಗಳನ್ನು ನಿಲ್ಲಿಸಿದೆವು. ಹದಿನಾಲ್ಕು ವರ್ಷದ ಹುಡುಗಿಗೆ ತನ್ನ ಬಡತನದ ಫೋಟೊ ಊರೆಲ್ಲ ತಿರುಗುವುದು ಎಷ್ಟು ನೋವಿನದೆಂದು ನಮಗೆ ಮೊದಲೇ ತಿಳಿಯಬೇಕಿತ್ತು.

ಪತ್ರ ಓದಿ ಅಮೆರಿಕದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಒಂದು ದೊಡ್ಡ ಮೊತ್ತ ಕಳಿಸುತ್ತೇನೆಂದು ಫೋನ್ ಮಾಡಿದರು. ಇಂಥ ಕೆಲಸದಲ್ಲಿರುವ ಬೇರೆಯವರಿಗೂ ಬೇಕಾಗುವ ವಿಷಯವಾದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ. ದುಬೈಯಲ್ಲೋ ಮಸ್ಕತ್ತಿನಲ್ಲೋ ಇದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಅವರ ಪಾಸ್‌ಪೋರ್ಟ್ ಪ್ರತಿಯೊಂದನ್ನು ನಾವು ಫೈಲಿನಲ್ಲಿ ಇಟ್ಟುಕೊಳ್ಳುತ್ತೇವೆ. ಹೊರದೇಶದ ಪೌರತ್ವ ಪಡೆದವರ ಹಣ ಹಾಗಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಹುಟ್ಟಿದ್ದು ಗೋಕರ್ಣದಲ್ಲೇ ಆದರೂ, ಕಾಯ್ದೆಯ ಪ್ರಕಾರ ಅದು ವಿದೇಶಿ ಮೂಲ. ಹೊರದೇಶದಲ್ಲಿ ನೋಂದಣಿಯಾದ ಸಂಘದ ಹಣವೂ ಅಷ್ಟೇ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನಮ್ಮ ಶಾಲೆ ನಡೆಸುವ ಟ್ರಸ್ಟಿಗೆ ಆ ನೋಂದಣಿ ಇಲ್ಲ.

ಕಾನೂನು ಹೀಗಿದೆ ಎಂದು ಬಿಡಿಸಿ ಹೇಳಿ, ಕಳಿಸಬೇಡಿ ಅಂದೆ. ಅವರಿಗೆ ಬೇಸರವಾಯಿತು. "ನನ್ನ ಶಾಲೆಗೆ ನಾನು ಕೊಡಲಿಕ್ಕೂ ಪರವಾನಗಿಯಾ?" ಅಂದರು. ಊರಲ್ಲಿರುವ ತಮ್ಮನ ಖಾತೆಗೆ ಹಾಕುತ್ತೇನೆ, ಅವನ ಹೆಸರಿನಲ್ಲಿ ರಸೀದಿ ಕೊಡಿ ಎಂದೂ ಕೇಳಿಕೊಂಡರು. ಅದಕ್ಕೂ ಆಗದು ಅಂದೆ. ಕಾಯ್ದೆಯ ಕಣ್ಣು ತಪ್ಪಿಸಿ ಬಂದ ಹಣವನ್ನು ನಾನು ಯಾವ ಪತ್ರದಲ್ಲಿ, ಯಾರ ಹೆಸರಿನ ಮುಂದೆ ಬರೆಯಲಿ? ಅಷ್ಟು ದೊಡ್ಡ ಮೊತ್ತ ಬಿಟ್ಟೆನೆಂದು ಆಡಳಿತ ಮಂಡಳಿಯಲ್ಲಿ ಒಬ್ಬರಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ. ಸಿಟ್ಟಿನ ಹಿಂದೆ ಶಾಲೆಯ ಮೇಲಿನ ಪ್ರೀತಿಯಿದೆ, ಅದು ನನಗೆ ಗೊತ್ತು. ಆದರೂ ನಾನು ಮಾಡಿದ್ದು ಸರಿಯೆಂದೇ ನಂಬುತ್ತೇನೆ.

ಆ ಅಮೆರಿಕದವರು ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮುನಿಸು ಇಟ್ಟುಕೊಳ್ಳಲಿಲ್ಲ. ಎರಡು ವಾರ ದಿನಾ ಸಂಜೆ ಹತ್ತನೇ ತರಗತಿಯವರಿಗೆ ವಿಜ್ಞಾನ ಹೇಳಿಕೊಟ್ಟರು. ಬೆಳಕಿನ ಪಾಠಕ್ಕೆ ಭೂತಗನ್ನಡಿ ಹಿಡಿದು ಅಂಗಳದಲ್ಲಿ ಕೂತಿದ್ದಾಗ, ಮನೆಗೆ ಹೊರಟಿದ್ದ ಎಂಟನೆಯವರೂ ಚೀಲ ಇಳಿಸಿ ಸುತ್ತ ಕೂತರು.

ಕಂಪ್ಯೂಟರು ಕೋಣೆ ಈಗ ತೆರೆದಿದೆ. ಠಾಣೆಯ ಆ ವೈರಿಂಗ್ ಕೆಲಸದವರು ರಜೆಯಲ್ಲಿ ಬಂದು ಅರ್ಥಿಂಗ್ ಸರಿಮಾಡಿ ಹೋದರು. ಹಳೆಯದರಲ್ಲಿ ಕೆಲವನ್ನಷ್ಟೇ ಉಳಿಸಲಾಯಿತು. ಮಳೆಗಾಲದಲ್ಲಿ ಮಕ್ಕಳಿರಲಿ ಬಿಡಲಿ, ದಿನಕ್ಕೆ ಒಂದು ಗಂಟೆ ಎಲ್ಲವನ್ನೂ ಚಾಲೂ ಮಾಡಿ ಬೆಚ್ಚಗಿಡುವ ಕೆಲಸ ನನ್ನದು. ಮೊನ್ನೆಯ ಗಾಳಿಗೆ ಮೂಲೆಯ ಎರಡು ಹೆಂಚು ಸರಿದು ಒಂದು ಮೇಜು ನೆನೆಯಿತು. ಈ ಸಲದ ಪತ್ರದ ಮೊದಲ ಸಾಲಿಗೆ ಅದನ್ನೇ ಬರೆದಿದ್ದೇನೆ, ಹೆಂಚಿನ ದರದ ಸಮೇತ.